ಮೂಗು ತೊಳೆಯುವ ಕಾಳು

ಉಮ್ರಾ ಮುಗಿಸಿ ಬಂದ ಮೂರನೇ ದಿನಕ್ಕೇ
ಕ್ಯೂರಿಂಗಿಗೆ ಹೋದೆ. ರಜೆ ಇದ್ದದ್ದೇ ಅಷ್ಟು.
ಬುತ್ತಿ ಬಿಚ್ಚುವ ಮೊದಲೇ ಸುತ್ತ ಕೂತರು
ಸಾಕಮ್ಮ, ಫೆಲ್ಸಿ, ಪುಟ್ಟಗೌರಿ,
ಮೊನ್ನೆ ಸೇರಿದ ಹೊಸ ಹುಡುಗಿಯೂ.
'ಎಲ್ಲಿ ಮೈಮೂನಕ್ಕಾ, ಫಾರಿನ್ ಸೆಂಟು?'

ಲಾಟ್ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದೆ:
ಸಾಕಮ್ಮನಿಗೆ ಮಲ್ಲಿಗೆಯದು, ಆದರೆ ಮಾಸಿದ ಮಲ್ಲಿಗೆಯದಲ್ಲ.
ಫೆಲ್ಸಿಗೆ ಲಿಪ್‌ಸ್ಟಿಕ್,
ಚರ್ಚಿಗೆ ಹಾಕಿಕೊಂಡು ಹೋಗುವಷ್ಟೇ ಕೆಂಪು.
ಮೇಸ್ತ್ರಿ ಲೋಕಪ್ಪ ಮೊಬೈಲಲ್ಲಿ ತೋರಿಸಿದ್ದ, ಹೆಂಡತಿಗೆ ಒಂದು ಕ್ರೀಮು;
ಡಬ್ಬಿಯ ಮೇಲಿನ ಹೆಂಗಸು ಆಗಲೇ ಬೆಳ್ಳಗಿದ್ದಳು.
ಪುಟ್ಟಗೌರಿ ಏನೂ ಬರೆಸಲಿಲ್ಲ.
'ನಿನ್ನ ಮೂಗಿಗೆ ಹಿಡಿಸಿದ್ದು ತಾ' ಅಂದಿದ್ದಳು.
ಅದೇ ಕಷ್ಟದ್ದು.

ಅಲ್ಲಿ, ಇಹ್ರಾಮಿನಲ್ಲಿರುವಾಗ
ಸೋಪಿಗೂ ಪರಿಮಳ ಕೂಡದು.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ನನ್ನ ಮೈಗೆ ಯಾವ ವಾಸನೆಯೂ ಇರಲಿಲ್ಲ,
ಗೋಣಿಯದೂ ಇಲ್ಲ, ಕಾಳಿನ ದೂಳಿನದೂ ಇಲ್ಲ.
ಅಷ್ಟು ಹಗುರಾಗಿ ನಾನು ಯಾರ ಮುಂದೂ ನಿಂತವಳಲ್ಲ.

ಮರಳುವಾಗ ಶಾರ್ಜಾದಲ್ಲಿ ಏಳು ಗಂಟೆ ಕಾಯಬೇಕಿತ್ತು.
ಜೊತೆಯವರು ಬ್ಯಾಗಿಗೆ ತಲೆಕೊಟ್ಟು ಮಲಗಿದರು.
ನಾನು ಮೆಲ್ಲಗೆ ಹೊಕ್ಕೆ, ನೆರಳೇ ಬೀಳದ ಆ ಅಂಗಡಿಗೆ.
ಕಾಗದದ ಪಟ್ಟಿಗೆ ಪುಸ್ಸೆಂದು ಹೊಡೆದು ಕೊಡುವ ಹುಡುಗಿ
ನೇಪಾಳದವಳಂತೆ. 'ಮೂಸಿ, ಅಮ್ಮಾ.'
ಒಂದು ಊದು. ಒಂದು ಗುಲಾಬಿ.
ಒಂದು, ಆಗತಾನೇ ನೀರು ಹೊಡೆದ ಸಿಮೆಂಟು.
ಒಂದು ನಮ್ಮ ಉಪ್ಪಳ್ಳಿಯ ಮದುವೆ ಮನೆ,
ಬಿರಿಯಾನಿಯ ಮುಚ್ಚಳ ತೆಗೆಯುವ ಮುಂಚಿನದು.
ಐದನೆಯದಕ್ಕೆ ಮೂಗು ಮಂಕಾಯಿತು.
ಗಾಜಿನ ಬಟ್ಟಲು ಮುಂದೆ ಹಿಡಿದಳು:
'ಇದನ್ನು ಮೂಸಿ. ಹಿಂದಿನದೆಲ್ಲ ಅಳಿಸಿಹೋಗುತ್ತದೆ.'

ಬಟ್ಟಲಲ್ಲಿ ಕಾಫಿ ಕಾಳು.

ಯಾ ಅಲ್ಲಾ, ಅಳಿಸುತ್ತದಂತೆ!
ನಾವು ಆರಿಸುವುದು ಹಸಿ ಕಾಳು, ಅದಕ್ಕೆ ಒಣಹುಲ್ಲಿನ ಮಂಪರು.
ಇದು ಹುರಿದದ್ದು, ಮಾರ್ಕೆಟ್ ರಸ್ತೆಯ ಬೆಳಗಿನದು,
ಪುಡಿ ಅಂಗಡಿಯ ಮುಂದೆ ಬಸ್ಸಿಗೆ ಓಡುವಾಗ
ಬೇಡವೆಂದರೂ ಬೆನ್ನು ಹತ್ತುವುದು.
ಲೋಕದ ಮೂಗು ತೊಳೆಯುವ ನೀರಿನಲ್ಲಿ
ನಮ್ಮ ಚಿಕ್ಕಮಗಳೂರನ್ನೇ ನೆನೆಹಾಕಿದ್ದರು.

ಬೆರಳು ನನ್ನ ಮಾತು ಕೇಳಲಿಲ್ಲ.
ಪೀಬಿ ಒಂದು ಕಡೆಗೆ, ಬಿಟ್ಸ್ ಒಂದು ಕಡೆಗೆ,
ಹುಳ ಕೊರೆದದ್ದು ಮೂರು,
ಚಿನ್ನದ ಮೂತಿಯ ಸೀಸೆಗಳ ನಡುವೆ ಸಾಲಾಗಿ ಇಟ್ಟೆ.
'ಅಮ್ಮಾ, ಇದು ಕುಡಿಯುವುದಕ್ಕಲ್ಲ.'
'ಗೊತ್ತು ಮಗಳೇ. ಆದರೂ ಇಂಥ ಲಾಟನ್ನು
ನಮ್ಮ ಲೋಕಪ್ಪ ಸತ್ತರೂ ಪಾಸು ಮಾಡುತ್ತಿರಲಿಲ್ಲ.'

ಬೆಲೆ ಕೇಳಿದೆ. ರೂಪಾಯಿಗೆ ತಿರುಗಿಸಿ ಹೇಳಿದಳು.
ಒಂದು ಸೀಸೆಗೆ ನನ್ನ ನಲವತ್ತು ದಿನದ ಕೂಲಿ.
ಲಿಪ್‌ಸ್ಟಿಕ್ ಕೊಂಡೆ. ಕ್ರೀಮು ಸಿಗಲಿಲ್ಲ ಎಂದರಾಯಿತು.
ಮೂಸಿ ಬಿಟ್ಟ ಪಟ್ಟಿಗಳನ್ನು ಕೊಡುತ್ತೀಯಾ ಎಂದೆ.
ಆ ಕಡೆ ಈ ಕಡೆ ನೋಡಿ, ಇನ್ನೂ ಹತ್ತಕ್ಕೆ ಹೊಡೆದು
ಟಿಶ್ಯೂವಿನಲ್ಲಿ ಸುತ್ತಿ ಕೈಗಿಟ್ಟಳು.

ಈಗ ಬುತ್ತಿಯ ಪಕ್ಕ ಬಿಚ್ಚಿದರೆ
ಹದಿನೈದೂ ಸೇರಿ ಒಂದೇ ಆಗಿವೆ.
ಸಾಕಮ್ಮ ಮಲ್ಲಿಗೆ ಅಂದಳು.
ಫೆಲ್ಸಿ, ತುಟಿ ಕೆಂಪು ಮಾಡಿಕೊಳ್ಳುತ್ತಲೇ, ಧೂಪ ಅಂದಳು.
ಹೊಸ ಹುಡುಗಿ ಬಹಳ ಹೊತ್ತು ಹಿಡಿದುಕೊಂಡು
'ಅಪ್ಪನ ಶೇವಿಂಗ್ ಸೋಪು' ಅಂದು ಸುಮ್ಮನಾದಳು.
ನಾನು ಯಾರನ್ನೂ ತಿದ್ದಲಿಲ್ಲ.

ಪುಟ್ಟಗೌರಿಯದು ಕರ್ಚೀಫಿನ ಗಂಟಿನಲ್ಲಿತ್ತು:
ಆ ಬಟ್ಟಲಿನ ಒಂದೇ ಒಂದು ಕಾಳು.
ತಂದದ್ದು ತಂದೆ, ಕೊಡಲು ನಾಚಿಕೆ.
ಸೈರನ್ ಆಯಿತು. ಬೆಲ್ಟು ಹೊರಟಿತು.
ಅವಳ ಕಡೆ ಹರಿಯುವ ಹಸಿ ಕಾಳಿನ ನಡುವೆ ಮೆಲ್ಲಗೆ ಬಿಟ್ಟೆ.
ತಲೆಯೆತ್ತಲಿಲ್ಲ ಮಹರಾಯ್ತಿ.
ಎರಡು ಬೆರಳಲ್ಲಿ ಹಿಡಿದು ಬುಟ್ಟಿಗೆ ಎಸೆದಳು:
'ಕರಿ.'
ಆಮೇಲೆ, ಯಾಕೋ,
ಬೆರಳನ್ನು ಮೂಗಿನ ಹತ್ತಿರ ತಂದಳು.