ಮೂರು ಸಲ

ದುರ್ಗಿಗುಡಿಯ ಅಡ್ಡರಸ್ತೆ, ಇಡ್ಲಿ ಹೋಟೆಲಿನ ಮೇಲಿನ ಮಹಡಿ.
ಮಂಗಳವಾರ, ಶನಿವಾರ, ಬೆಳಗ್ಗೆ ಆರೂವರೆ.
ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು,
ಕೆಮ್ಮು ಕೂಡ.

ಮಂದಾಕಿನಿ ಮೇಡಂ ಮೊದಲ ದಿನವೇ ಕೇಳಿದ್ದರು,
"ಐವತ್ತೆರಡಕ್ಕೆ ಯಾಕಮ್ಮ ಸಂಗೀತ?"
ಗಂಟಲು ನೋಯ್ತದೆ ಮೇಡಂ,
ಕೂಗಬೇಡ ಅಂತಾರೆ ಡಾಕ್ಟರು,
ಕೂಗದಿದ್ದರೆ ಸಂಬಳ ಇಲ್ಲ.
ನೋಯದ ಹಾಗೆ ಕೂಗೋದು ಕಲಿಸಿ.
ಅವರು ನಕ್ಕರು. ತಿಂಗಳಿಗೆ ಆರುನೂರು ಅಂದರು.

ನಾನು ಬಾಲರಾಜ ಅರಸ್ ರಸ್ತೆಯ ಕೋರ್ಟಿನ ದಲಾಯತ್.
ಎರಡನೇ ಹಾಲಿನ ಬಾಗಿಲಲ್ಲಿ ನಿಂತು
ಹದಿನೆಂಟು ವರ್ಷ ಹೆಸರು ಕೂಗಿದ್ದೇನೆ.
ಆಯನೂರಿನ ಹೆಸರು, ಕುಂಸಿಯ ಹೆಸರು,
ಗಡಿಕಲ್ಲು ಕಿತ್ತವರ ಹೆಸರು, ಚೆಕ್ಕು ಬೌನ್ಸಾದವರ ಹೆಸರು,
ಒಂದೇ ಬೆಂಚಿನ ಎರಡು ತುದಿಗೆ ಕೂತ
ಗಂಡ ಹೆಂಡಿರ ಹೆಸರು.
ಒಂದೊಂದನ್ನೂ ಮೂರು ಸಲ.
ಬಂದರೆ ಹಾಜರು. ಬರದಿದ್ದರೆ ಒಳಗೆ ತಲೆ ಹಾಕಿ
ಇಲ್ಲ ಸ್ವಾಮಿ ಅನ್ನುವುದು,
ಸ್ವಾಮಿಗಳು ಗೈರು ಅಂತ ಬರೆದುಕೊಳ್ಳುವುದು.

ಇಲ್ಲಿ ಒಂದೇ ಅಕ್ಷರ. ಸ.
ನಾಲ್ಕು ತಿಂಗಳು ಸ.
ಶ್ರುತಿಪೆಟ್ಟಿಗೆ ಅಲುಗದೆ ಕೂತಿರುತ್ತದೆ,
ನನ್ನ ಸ ಅದರ ಪಕ್ಕ
ಸೀಟು ಸಿಗದೆ ಬಸ್ಸಲ್ಲಿ ನಿಂತವಳ ಹಾಗೆ
ಆಚೆಗೊಮ್ಮೆ, ಈಚೆಗೊಮ್ಮೆ.
"ಹೊಟ್ಟೆಯಿಂದ ಹಾಲಮ್ಮ, ಕತ್ತಿನಿಂದಲ್ಲ."
ಹೊಟ್ಟೆಯಿಂದ ಇಬ್ಬರನ್ನು ಹೆತ್ತಿದ್ದೇನೆ ಮೇಡಂ,
ಆಗಲೂ ದನಿ ತೆಗೆದದ್ದಿಲ್ಲ.

ನನ್ನ ನಂತರದ ಪಾಠದ ಏಳನೇ ಕ್ಲಾಸಿನ ಹುಡುಗಿ
ಮೆಟ್ಟಿಲ ಮೇಲೆ ಕಾಯುತ್ತ ಜಂಟಿವರಸೆ ಗುನುಗುತ್ತಾಳೆ,
ಬಬಲ್‌ಗಮ್ ಅಗಿಯುತ್ತಲೇ,
ಎಲ್ಲೂ ತಪ್ಪದೆ.

ಮೊನ್ನೆ ಶನಿವಾರ ಮೇಡಂ ಪುಸ್ತಕ ಮುಚ್ಚಿದರು.
"ಕೋರ್ಟಲ್ಲಿ ಕೂಗ್ತೀಯಲ್ಲ, ಹಾಗೇ ಕೂಗು ನೋಡೋಣ.
ಯಾರದಾದರೂ ಹೆಸರು."

ಬಾಯಲ್ಲಿ ಸಾವಿರಾರು ಇದ್ದವು.
ಬಂದದ್ದು ಬೇರೆ.

ಮದುವೆಯ ದಿನ ಹೊಸ್ತಿಲಿಗೆ ಅಡ್ಡ ನಿಂತು
ನಾದಿನಿಯರು ಒಡಪು ಹಾಕಿ ಹೇಳಿಸಿದ್ದರು, ಒಂದೇ ಸಲ,
ಬೆಲ್ಲ ಕೊಬ್ಬರಿಯ ಪ್ರಾಸದೊಳಗೆ ಮುಚ್ಚಿ.
ಆಮೇಲೆ ಬರೀ ಇವರು, ನಮ್ಮನೆಯವರು,
ಇಲ್ಲವೇ "ಕೇಳಿಸ್ತಾ?"
ಅವರ ಕೆಲಸ ಅನುಕಂಪದ ಮೇಲೆ ನನಗೆ ಬಂದಾಗ
ಅರ್ಜಿಯಲ್ಲಿ ಬರೆದುಕೊಟ್ಟೆ.
ಗಟ್ಟಿಯಾಗಿ ಓದಿದವನು ಗುಮಾಸ್ತ.

ಕರಿಬಸಪ್ಪಾ ಬಿನ್ ಚನ್ನವೀರಪ್ಪಾ.
ಕೆಳಗೆ ಹಿಟ್ಟು ರುಬ್ಬುವ ಮಿಷನ್ ನಿಂತಿತು,
ಕರೆಂಟು ಹೋಯಿತೋ ಏನೋ.
ಕರಿಬಸಪ್ಪಾ.
ಹುಡುಗಿಯ ಗುನುಗು ನಿಂತಿತು.
ಮೂರನೆಯದರ ಕೊನೆಯ ಅಕ್ಷರ
ಬಾಯಿ ಮುಚ್ಚಲು ಬಿಡಲಿಲ್ಲ, ಹಾಗೇ ನಿಂತಿತು,
ಗಂಟಲಿಗೆ ತಾಗದೆ.

"ಪಂಚಮ" ಅಂದರು ಮೇಡಂ, ತಮಗೇ ಎಂಬಂತೆ.
"ಹದಿನೆಂಟು ವರ್ಷ ಅಲ್ಲೇ ನಿಂತಿದ್ದೀಯ ಮಾರಾಯ್ತಿ.
ಇನ್ನು ಇಳಿ, ನಿಧಾನ."
ಮ. ಗ.
ರಿಷಭದಲ್ಲಿ ಕಾಲು ಜಾರಿತು, ಹಿಡಿದುಕೊಂಡೆ.
ಸ.

ಇಲ್ಲ ಸ್ವಾಮಿ ಅನ್ನಲಿಲ್ಲ ನಾನು.
ಮೇಡಂ ಏನೂ ಬರೆದುಕೊಳ್ಳಲಿಲ್ಲ.
ಮೂಗು ಒರೆಸಲು ಸೆರಗು ಎತ್ತಿದರೆ
"ಮಂಗಳವಾರ ಬಿಸಿನೀರು ಕುಡಿದು ಬಾ" ಅಂದರು.

ಸೋಮವಾರ ಮೊದಲ ಕೇಸು ಹೊಳಲೂರಿನದು.
ಕೂಗಿದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು,
"ಏನಮ್ಮ, ಇವತ್ತು ಎಳೀತಿದ್ದೀರಿ?"
ಬೇವಿನ ಕೆಳಗಿದ್ದ ಮುದುಕ
ಎರಡನೇ ಸಲಕ್ಕೇ ಬೀಡಿ ಆರಿಸಿ ಎದ್ದು ಬಂದ.

ಕೂಗದೆ ಉಳಿದ ಮೂರನೆಯದನ್ನು
ಸಂಜೆಯವರೆಗೂ ಸಣ್ಣಗೆ ಹಿಡಿದುಕೊಂಡೇ ಇದ್ದೆ,
ಫೈಲು ಹೊರುವಾಗಲೂ.