ಬ್ರೆಜಿಲ್ ರಸ್ತೆಯ ಉರುಗ್ವೆ ಬದಿ

ನಮ್ಮೂರು ಚುಯಿ. ಒಂದೇ ರಸ್ತೆ, ಎರಡು ದೇಶ.
ನಮ್ಮ ಬದಿಗೆ ಬ್ರೆಜಿಲ್ ರಸ್ತೆ ಎಂದು ಹೆಸರು,
ಅವರ ಬದಿಗೆ ಉರುಗ್ವೆ ರಸ್ತೆ.
ಬೀಗರು ಬೀಗರಿಗೆ ಮಣೆ ಹಾಕಿದ ಹಾಗೆ
ಒಬ್ಬರ ಹೆಸರು ಇನ್ನೊಬ್ಬರ ಗೋಡೆಯ ಮೇಲೆ.
ನಡುವಿನ ಹುಲ್ಲುಪಟ್ಟಿಯಲ್ಲಿ ಒಂದು ಕಂದು ನಾಯಿ
ತಲೆ ಇತ್ತ, ಬಾಲ ಅತ್ತ, ಮಲಗಿರುತ್ತದೆ.
ಖುಷಿಪಡುವುದು ನಮ್ಮ ದೇಶ, ನೋಡು, ಎನ್ನುತ್ತಾನೆ ವಾಲ್ಡಿರ್.
ಹೌದಪ್ಪಾ, ಬೊಗಳುವುದು ನಮ್ಮದು, ಎನ್ನುತ್ತೇನೆ ನಾನು.

ವಾಲ್ಡಿರ್ ನನ್ನ ಗಂಡ. ಆಚೆ ಬದಿಯವನು.
ನಲವತ್ತು ಹೆಜ್ಜೆ ನಡೆದು ದಿಬ್ಬಣ ಬಂದಿತ್ತು.
ಇಪ್ಪತ್ತೇಳು ವರ್ಷವಾಯಿತು,
ಫುಟ್‌ಬಾಲ್ ಇದ್ದ ದಿನ ಅವನ ಊಟ ಇವತ್ತಿಗೂ
ಅವನಕ್ಕನ ಮನೆಯಲ್ಲಿ.

ಅವನ ದೇಶ ದೊಡ್ಡದು. ಗೊತ್ತು.
ಭೂಪಟದಲ್ಲಿ ಅದರ ಹೆಸರು ಕೈಕಾಲು ಚಾಚಿ ಮಲಗಿದೆ.
ನಮ್ಮದಕ್ಕೆ ಜಾಗ ಸಾಲದೆ
ಸಮುದ್ರದಲ್ಲಿ ಬರೆದು ಒಂದು ಗೆರೆ ಎಳೆದಿದ್ದಾರೆ.
ಶಾಲೆಯಲ್ಲಿ ನಾನು ಬಹಳ ದಿನ
ನಾವೆಲ್ಲ ನೀರಿನಲ್ಲಿದ್ದೇವೆ ಎಂದುಕೊಂಡಿದ್ದೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಜನವಲ್ಲ ನಾವು.
ಕಂಕುಳಲ್ಲಿ ಏನಿದೆಯೆಂದು ನಮಗೆ ಸದಾ ಗೊತ್ತು:
ಬಿಸಿನೀರಿನ ಫ್ಲಾಸ್ಕು.
ಅದೇ ಕೈಯಲ್ಲಿ ಸೋರೆಬುರುಡೆ, ಬುರುಡೆಯಲ್ಲಿ ಕಹಿ ಮಾಟೆ ಸೊಪ್ಪು.
ಉಳಿದೊಂದು ಬಲಗೈಯಲ್ಲೇ ದೇಶದ ಕಾರುಬಾರು,
ಮಗುವಿನ ಮೂಗು ಒರೆಸುವುದು,
ಕೆಟ್ಟು ನಿಂತ ಕಾರು ತಳ್ಳುವುದು,
ಸಾವಿನ ಮನೆಯಲ್ಲಿ ತಬ್ಬಿಕೊಳ್ಳುವುದು ಕೂಡ.
ಒಮ್ಮೆ ಬ್ಯಾಂಕಿನಲ್ಲಿ ಹೊಸ ಗುಮಾಸ್ತ
ಎರಡೂ ಕೈ ಚಾಚಿ ನನ್ನ ಕೈ ಕುಲುಕಿದ.
ಎಲ್ಲಿಂದ ಬಂದನೋ, ಪಾಪ, ಅಂದುಕೊಂಡೆ.

ಅವರೂ ಕುಡಿಯುತ್ತಾರೆ. ಆದರೆ ಕೂತು.

ನನ್ನಣ್ಣನ ಹೆಸರು ವಾಷಿಂಗ್ಟನ್.
ಅವನಿರುವ ಊರಿನ ಹೆಸರು ಮೂವತ್ತಮೂರು.
ಹೌದು, ಸಂಖ್ಯೆಯೇ.
ಹಿಂದೆ ದೋಣಿ ಇಳಿದು ಬಂದ ವೀರರ ಲೆಕ್ಕವದು.
ಸರಿಯಾಗಿ ಅಷ್ಟೇ ಜನ ಇದ್ದರೇ ಎಂದು ಕೇಳಿದ್ದಕ್ಕೆ
ಇತಿಹಾಸದ ಮೇಷ್ಟ್ರು ಕಿಟಕಿಯಾಚೆ ನೋಡಿದ್ದರು.
ನಮ್ಮ ರಾಷ್ಟ್ರಗೀತೆ ಪೂರ್ತಿ ಹಾಡಲು ನಿಂತರೆ
ಮೊದಲು ಹಾಲಿನ ಒಲೆ ಆರಿಸಿ ಬರಬೇಕು.
ಕ್ರಿಸ್‌ಮಸ್ಸಿಗೆ ಸರ್ಕಾರಿ ಕ್ಯಾಲೆಂಡರಿನಲ್ಲಿ
ಕುಟುಂಬದ ದಿನ ಎಂದು ಬರೆದಿದೆ.
ದೇವರೊಬ್ಬನನ್ನು ಬಿಟ್ಟು ಎಲ್ಲರೂ ಊಟಕ್ಕೆ ಬರುತ್ತಾರೆ.
ಅಮ್ಮ ಮಾತ್ರ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು;
ಯಾರಿಗೆ ಎಂದರೆ, ಲೆಕ್ಕ ತಪ್ಪಿತು ಕಣೇ, ಎನ್ನುತ್ತಿದ್ದಳು.
ಪ್ರತಿ ವರ್ಷ ತಪ್ಪುತ್ತಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಇರಲಿ ಬಿಡಿ.
ಹೆಗ್ಗಣಕ್ಕೂ ಹೆತ್ತವರು ಮುದ್ದು.

ತಿಂಗಳ ಇಪ್ಪತ್ತೊಂಬತ್ತಕ್ಕೆ ನಮ್ಮಲ್ಲಿ
ಆಲೂಗೆಡ್ಡೆ ಹಿಟ್ಟಿನ ಉಂಡೆ, ನ್ಯೋಕಿ.
ತಟ್ಟೆಯ ಕೆಳಗೊಂದು ನಾಣ್ಯ, ಮುಂದಿನ ತಿಂಗಳು ಕೈ ಬರಿದಾಗದಿರಲೆಂದು.
ಬಡಿಸುವುದು ನಾನು, ನಾಣ್ಯ ಇಡುವುದು ಅವನು.
ಹೋದ ಜುಲೈಯಲ್ಲಿ ಸಾರು ಚೆಲ್ಲಿ ತಟ್ಟೆ ಎತ್ತಿದರೆ
ಕೆಳಗಿದ್ದದ್ದು ಬ್ರೆಜಿಲಿನ ನಾಣ್ಯ.
ಎಷ್ಟು ದಿನದಿಂದ?
ಮೊದಲಿನಿಂದ, ಎಂದ, ಬಾಯಲ್ಲಿ ಉಂಡೆಯಿಟ್ಟುಕೊಂಡೇ.

ಹಾಗಾದರೆ ಮಗಳ ಕಣ್ಣಿನ ಆಪರೇಷನ್ ಹೂವೆತ್ತಿದಂತೆ ಆದದ್ದು,
ಪಕ್ಕದ ಮನೆಯ ತಗಡು ಹಾರಿದ ರಾತ್ರಿ ನಮ್ಮದು ಹಾರದೆ ಉಳಿದದ್ದು,
ಎಲ್ಲ ಆಚೆ ಬದಿಯ ಅದೃಷ್ಟವೇ?
ಎರಡು ದಿನ ಮಾತು ಬಿಟ್ಟೆ.
ಮೂರನೆಯ ದಿನ ಅದೇ ನಾಣ್ಯ ಹಿಡಿದು ರಸ್ತೆ ದಾಟಿ
ಪೇರಲೆ ಮಿಠಾಯಿ ತಂದು ತಿಂದೆ.
ಅಲ್ಲಿ ಅಗ್ಗ. ಅಭಿಮಾನ ಬೇರೆ, ಅಂಗಡಿ ಬೇರೆ.

ಅಷ್ಟರಲ್ಲಿ ಮಳೆ ಬಂತು.
ಎರಡೂ ಬದಿಗೆ ಬಂತು, ಕರಾರುವಾಕ್ಕಾಗಿ,
ನಾಯಿಯ ತಲೆಯೂ ನೆನೆಯಿತು, ಬಾಲವೂ.
ಆದರೆ ಮಳೆ ಕಂಡೊಡನೆ ಬಾಣಲೆ ಹುಡುಕುವವರು ನಾವು.
ಹಿಟ್ಟು ತಟ್ಟಿ, ನಡುವೆ ಬೆರಳಿನಿಂದ ಒಂದು ತೂತು ಮಾಡಿ,
ಕೊಬ್ಬು ಕಾಯಲಿಟ್ಟೆ. ಪಕ್ಕದ ಮನೆಯಲ್ಲೂ ಚುಂಯ್ ಎಂದಿತು.
ಅದರ ಪಕ್ಕದಲ್ಲೂ.
ನಮ್ಮ ಬದಿಯ ಉದ್ದಕ್ಕೂ ಕರಿದ ವಾಸನೆ.

ಕಿಟಕಿಯಿಂದ ನೋಡಿದೆ. ಅಕ್ಕನ ಮನೆಯಿಂದ ವಾಲ್ಡಿರ್
ತಲೆಯ ಮೇಲೆ ಪೇಪರು ಹಿಡಿದು
ದೇಶ ಬಿಟ್ಟು ದೇಶಕ್ಕೆ
ಓಡಿ ಬರುತ್ತಿದ್ದ.