ಆದಂಕುಟ್ಟಿಯ ಮೂಗು

ಡಿಸೆಂಬರಿನ ಯುದ್ಧ. ನಮ್ಮ ವಾರಪತ್ರಿಕೆಗೆ
ಆ ದೂರದೇಶದ ರಾಯಭಾರಿಯ ಪಟವೇ ಬರಲಿಲ್ಲ.
ಟೋಪಿ ಬರೆದೆ, ಬಾಲದ ಕೋಟು ಬರೆದೆ,
ಎರಡು ಫಿರಂಗಿಗಳ ನಡುವೆ ಒಂದು ಮೇಜು,
ಮೇಜಿನ ಮೇಲೆ ಭೂಪಟದ ಆಕಾರದ ಕೇಕು.
ಮುಖ ಮಾತ್ರ ಖಾಲಿ.
ಬೆಳಗಿನ ಮೈಸೂರು ಬಸ್ಸಿಗೆ ಚಿತ್ರ ಹೋಗಬೇಕು, ಬ್ಲಾಕು ಮಾಡಿಸಲು.
ಕಿಟಕಿಯಾಚೆ ಸೈಕಲ್ಲು ತಳ್ಳಿಕೊಂಡು
ತಂತಿ ಆಫೀಸಿನ ಆದಂಕುಟ್ಟಿ ಹೋಗುತ್ತಿದ್ದ.
ಅವನ ಮೂಗು ಕೈಗೆ ಸಿಕ್ಕಿತು.

ಗುರುವಾರ ವಿರಾಜಪೇಟೆ ನಕ್ಕಿತು.
ಗಡಿಯಾರ ಕಂಬದ ಬುಡದಲ್ಲಿ ಅವನನ್ನು ನಿಲ್ಲಿಸಿ
"ಏನು ರಾಯಭಾರಿಗಳೇ, ಯುದ್ಧ ಯಾವಾಗ ನಿಲ್ಲಿಸ್ತೀರಿ?"
ಅವನೇನು ಬಿಟ್ಟಾನೆಯೇ? ಖಾಕಿ ಟೋಪಿ ಎತ್ತಿ, ಬಾಗಿ,
"ಮಾತುಕತೆ ನಡೀತಾ ಇದೆ" ಎನ್ನುತ್ತಿದ್ದ.
ಮೀನಂಗಡಿಯವನು ಎರಡು ಮತ್ತಿ ಹೆಚ್ಚು ಹಾಕಿದನಂತೆ,
ವಿದೇಶದವರು ಎಂದು.

ರಾಯನ ಭಾರ ಹೊರುವವನು ರಾಯಭಾರಿ:
ಚಿತ್ರದಡಿಯ ಸಾಲು ನನ್ನದೇ.
ಬಹಳ ಜಾಣ ಎಂದುಕೊಂಡಿದ್ದೆ ಆಗ.

ಶನಿವಾರ ಬೇಟೋಳಿಗೊಂದು ತಂತಿ.
ಏರುದಾರಿ; ಸೈಕಲ್ಲು ಕೆಳಗೇ ಒರಗಿಸಿ ನಡೆದನಂತೆ.
ಅಂಗಳದಲ್ಲಿ ಕಾಫಿ ಹರವುತ್ತಿದ್ದ ಬೊಳ್ಳವ್ವ
ತಲೆವಸ್ತ್ರ ಸರಿಮಾಡಿ, ಕಣ್ಣು ಕಿರಿದು ಮಾಡಿ, ನಕ್ಕರು:
"ಪೇಪರಿನಲ್ಲಿ ಬಂದವನಲ್ಲವಾ ನೀನು!
ಕೂರು, ಬೆಲ್ಲದ ಕಾಪಿ ಕುಡಿ.
ಅಲ್ಲಿ ದೊಡ್ಡವರು ಏನಂತಾರೆ?
ನಮ್ಮ ಹುಡುಗರನ್ನು ಯಾವಾಗ ಮನೆಗೆ ಬಿಡ್ತಾರಂತೆ?"

ಕುಡಿದ. ತಳದ ಗಸಿ ಕಾಣುವವರೆಗೆ ಕುಡಿದ.
ಇನ್ನೊಂದು ಲೋಟ ಕೇಳಿದ.
ಜೇಬಿನೊಳಗೆ ಮಡಿಸಿದ ಕಾಗದ.
ಎರಡು ಲೋಟದಷ್ಟು ಹೊತ್ತು
ಆ ಅಂಗಳದಲ್ಲಿ ಕದನವಿರಾಮ.

ಸಂಜೆ ಬೇಟೋಳಿ ಕಡೆಯಿಂದ ಗುಂಡಿನ ಸದ್ದು.
ಒಂದಾದರೆ ಗಂಡು ಹುಟ್ಟಿತೆಂದು ಲೆಕ್ಕ.
ಅಂಗಡಿಗಳು ತಕ್ಕಡಿ ಹಿಡಿದಂತೆಯೇ ಕಾದವು.
ಎರಡನೆಯದೂ ಕೇಳಿತು.

ರಾತ್ರಿ ನನ್ನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.
"ಲಿಗೋರಿಯವರೇ, ನನ್ನ ಮೂಗು ವಾಪಸು ಕೊಡಿ."

ಮುಂದಿನ ವಾರ ಅದೇ ಟೋಪಿ, ಅದೇ ಕೋಟು,
ಮುಖದ ಜಾಗ ಬಿಳಿ ಬಿಟ್ಟೆ.
ಸಂಪಾದಕರು ಕನ್ನಡಕ ಏರಿಸಿ, ಇದ್ಯಾರಯ್ಯ ಎಂದರು.
ಅಷ್ಟರಲ್ಲಿ ಯುದ್ಧವೂ ಮುಗಿದು, ಚಿತ್ರ ಅಚ್ಚಾಗಲಿಲ್ಲ.

ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಈಗಲೂ ಇದೆ
ಹೆಬ್ಬಲಸಿನ ಮರಕ್ಕೆ ಒರಗಿದ ಸೈಕಲ್ಲು,
ಹ್ಯಾಂಡಲಿಗೆ ಸಿಕ್ಕಿಸಿದ ಟೋಪಿ.
ಎಲ್ಲ ಸರಿಯಾಗಿಯೇ ಬಂದಿದೆ. ಆ ಇಳಿಜಾರಿಗೆ
ಬ್ರೇಕು ಬರೆಯುವುದೊಂದು ಮರೆತಿದ್ದೇನೆ.